ಸಂಸ್ಥೆಗೆಂದೇ ಕೊಟ್ಟ ಹಣದ ಫಲವನ್ನು ಅಳೆಯುವುದು ಹೇಗೆ?

ಕನ್ನಡ ನಾಡಿನ ದತ್ತಿ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತ. ಬಸದಿಗೋ ದೇಗುಲಕ್ಕೋ ಭೂಮಿ ಬಿಟ್ಟವರು ಪೂಜೆ, ಆಹಾರದಾನ, ವಿದ್ಯಾದಾನಗಳ ಜೊತೆಗೆ ಒಡೆದದ್ದನ್ನೂ ಬಿರುಕು ಬಿಟ್ಟದ್ದನ್ನೂ ಸರಿಪಡಿಸುವ ವೆಚ್ಚವನ್ನು ಆ ಭೂಮಿಯ ಉತ್ಪನ್ನದಿಂದಲೇ ನಡೆಸುವಂತೆ ಬರೆಸುತ್ತಿದ್ದರು. ಇಂದಿನ ಸ್ವಯಂಸೇವಾ ವಲಯದಲ್ಲಿ ಇದಕ್ಕೆ ಹತ್ತಿರವಾದದ್ದು ಕೋರ್ ಗ್ರಾಂಟ್. ಇದು ಯಾವ ಒಂದು ಯೋಜನೆಗೂ ಕಟ್ಟಿಹಾಕದೆ, ಸಂಬಳ, ಬಾಡಿಗೆ, ಲೆಕ್ಕಪತ್ರ, ತರಬೇತಿ ಮುಂತಾಗಿ ಸಂಸ್ಥೆ ತನಗೆ ಅಗತ್ಯವೆಂದು ಕಂಡದ್ದಕ್ಕೆ ಬಳಸಿಕೊಳ್ಳಲಿ ಎಂದು ಕೊಡುವ ಹಣ. ಇಂಥ ಹಣದಿಂದ ಏನಾಯಿತು ಎಂದು ತಿಳಿಯುವ ಬಗೆ ಯಾವುದು ಎಂಬ ಪ್ರಶ್ನೆ ಮಾತ್ರ ಈಚಿನ ವರ್ಷಗಳಲ್ಲಿ ಬಹಳ ಗೋಜಲಾಗಿದೆ.

20ನೇ ಶತಮಾನದ ನಡುವಿನಲ್ಲಿ ದೊಡ್ಡ ಪ್ರತಿಷ್ಠಾನಗಳು ಸಂಸ್ಥೆಗಳನ್ನು ಕಟ್ಟುವುದನ್ನೇ ತಮ್ಮ ಕೆಲಸವೆಂದು ಭಾವಿಸಿದ್ದವು. 1961ರಲ್ಲಿ ಆರಂಭವಾದ ಅಹಮದಾಬಾದಿನ ಐಐಎಂಗೆ ಫೋರ್ಡ್ ಪ್ರತಿಷ್ಠಾನ ನೀಡಿದ ನೆರವು ಅಂಥದ್ದು. 1969ರ ಹೊತ್ತಿಗೆ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪುಗೊಂಡ, ಯೋಜನೆಯ ಗುರಿಗಳನ್ನೂ ಅವುಗಳ ಅಳತೆಗೋಲುಗಳನ್ನೂ ಮೊದಲೇ ಬರೆದಿಡುವ ಲಾಗ್‌ಫ್ರೇಮ್ ಎಂಬ ಕೋಷ್ಟಕ ಮುಂದಿನ ದಶಕಗಳಲ್ಲಿ ಜಗತ್ತಿನಾದ್ಯಂತ ಹರಡಿತು, ಅದರೊಂದಿಗೆ ಹಣ ಕೊಡುವುದೆಂದರೆ ಯೋಜನೆಗೆ ಕೊಡುವುದು ಎಂಬ ಅಭ್ಯಾಸವೂ ಬೇರೂರಿತು. ಆಡಳಿತ ವೆಚ್ಚ ಕಡಿಮೆಯಿದ್ದಷ್ಟೂ ಸಂಸ್ಥೆ ಒಳ್ಳೆಯದು ಎಂಬ ನಂಬಿಕೆ ಈ ಅಭ್ಯಾಸದ ಜೊತೆಗೇ ಬೆಳೆಯಿತು. ಕೊಡುವವರು ಕಡಿಮೆ ವೆಚ್ಚ ನಿರೀಕ್ಷಿಸುತ್ತಾರೆ, ಪಡೆಯುವವರು ನಿಜವಾದ ವೆಚ್ಚವನ್ನು ಮರೆಮಾಚುತ್ತಾರೆ, ಆ ಸುಳ್ಳು ಲೆಕ್ಕ ಮುಂದಿನ ನಿರೀಕ್ಷೆಯನ್ನು ಇನ್ನಷ್ಟು ತಗ್ಗಿಸುತ್ತದೆ. 2009ರಲ್ಲಿ ಅಮೆರಿಕದ ಇಬ್ಬರು ಸಲಹೆಗಾರರು ಇದನ್ನು ಹಸಿವಿನ ಚಕ್ರವೆಂದು ವರ್ಣಿಸಿದಾಗ, ಸಂಸ್ಥೆ ನಡೆಸುವವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ತಮ್ಮ ಕಷ್ಟಕ್ಕೆ ಒಂದು ಹೆಸರು ಸಿಕ್ಕಿತು, ಅಷ್ಟೆ.

ಈ ಚಕ್ರವನ್ನು ಮುರಿಯಲು ನಡೆದ ಪ್ರಯತ್ನಗಳಲ್ಲಿ ಹೆಚ್ಚು ಚರ್ಚೆಯಾದದ್ದು ಫೋರ್ಡ್ ಪ್ರತಿಷ್ಠಾನದ ‘ಬಿಲ್ಡ್’ ಕಾರ್ಯಕ್ರಮ. ಡ್ಯಾರೆನ್ ವಾಕರ್ ಅಧ್ಯಕ್ಷರಾಗಿದ್ದ ಅವಧಿಯಲ್ಲಿ, 2016ರಿಂದ, ನೂರು ಕೋಟಿ ಡಾಲರ್ ಮೊತ್ತವನ್ನು ಹಲವು ದೇಶಗಳ ಸುಮಾರು 350 ಸಂಸ್ಥೆಗಳಿಗೆ ಹಂಚಲಾಯಿತು. ಈ ಅನುದಾನಕ್ಕೆ ಮೂರು ಲಕ್ಷಣಗಳಿದ್ದವು: ಅವಧಿ ಐದು ವರ್ಷ, ಬಳಕೆಯಲ್ಲಿ ಸ್ವಾತಂತ್ರ್ಯ, ಮತ್ತು ಸಂಸ್ಥೆಯ ಒಳಗಟ್ಟನ್ನು, ಅಂದರೆ ಹಣಕಾಸು ನಿರ್ವಹಣೆ, ನಾಯಕತ್ವ, ಸಿಬ್ಬಂದಿ ವ್ಯವಸ್ಥೆಗಳನ್ನು ಗಟ್ಟಿಗೊಳಿಸಲು ಪ್ರತ್ಯೇಕ ಒತ್ತು. ಯಾವುದನ್ನು ಮೊದಲು ಗಟ್ಟಿಗೊಳಿಸಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಆಯಾ ಸಂಸ್ಥೆಯದೇ ಆಗಿತ್ತು.

ಇದರ ಮೌಲ್ಯಮಾಪನವನ್ನು ಡೆನ್ಮಾರ್ಕ್ ಮೂಲದ ನಿರಾಸ್ ಎಂಬ ಸಲಹಾ ಸಂಸ್ಥೆಗೆ ವಹಿಸಲಾಯಿತು, ಅಂತಿಮ ವರದಿ 2022ರಲ್ಲಿ ಹೊರಬಂತು. ಸಂಸ್ಥೆಯ ಬೊಕ್ಕಸಕ್ಕೆ ಬಿದ್ದ ಹಣ ಉಳಿದ ಹಣದೊಂದಿಗೆ ಬೆರೆತುಹೋಗುವುದರಿಂದ ಈ ಫಲ ಈ ಪ್ರತಿಷ್ಠಾನದ್ದೇ ಎಂದು ಬೆರಳಿಟ್ಟು ತೋರಿಸಲಾಗದು. ಹಾಗಾಗಿ ಇಂಥ ಕಡೆ ಮೌಲ್ಯಮಾಪಕರು ಫಲದ ಒಡೆತನವನ್ನು ಕೇಳುವುದನ್ನು ಬಿಟ್ಟು, ಅದರಲ್ಲಿ ಈ ಹಣದ ಪಾಲು ಏನಿದ್ದಿರಬಹುದು ಎಂದು ಸಾಕ್ಷ್ಯಗಳನ್ನು ಜೋಡಿಸಿ ನೋಡುತ್ತಾರೆ. ಸಂಸ್ಥೆಯ ಮೀಸಲು ನಿಧಿ ಬೆಳೆಯಿತೇ, ಒಳ್ಳೆಯ ಸಿಬ್ಬಂದಿ ಉಳಿದರೇ, ಒಲ್ಲದ ಯೋಜನೆಯನ್ನು ಬೇಡವೆನ್ನುವ ಧೈರ್ಯ ಬಂತೇ ಎಂಬಂಥ ಪ್ರಶ್ನೆಗಳು ಇಲ್ಲಿ ಮುಖ್ಯವಾಗುತ್ತವೆ. ಮೂರೂ ಲಕ್ಷಣಗಳು ಒಟ್ಟಿಗೆ ಇದ್ದುದರಿಂದಲೇ ಹೆಚ್ಚು ಫಲ ಬಂತು, ಕೋವಿಡ್ ಕಾಲದಲ್ಲಿ ಈ ಸಂಸ್ಥೆಗಳು ಬೇಗ ಹೊಂದಿಕೊಳ್ಳಲು ಅದು ನೆರವಾಯಿತು ಎಂಬುದು ವರದಿಯ ಸಾರ. ಆದರೆ ಸಾಕ್ಷ್ಯದ ಬಹುಪಾಲು ಬಂದದ್ದು ಹಣ ಪಡೆದವರಿಂದ, ಮತ್ತು ಮೌಲ್ಯಮಾಪಕರಿಗೆ ಹಣ ಕೊಟ್ಟದ್ದು ಪ್ರತಿಷ್ಠಾನ. ವರದಿಯನ್ನು ತಳ್ಳಿಹಾಕಲು ಇದು ಕಾರಣವಲ್ಲ, ಎಚ್ಚರದಿಂದ ಓದಲು ಕಾರಣ. ಅಮೆರಿಕದ ದಾನಿ ಮೆಕೆಂಜಿ ಸ್ಕಾಟ್ ಅವರು ನೀಡಿದ ಷರತ್ತಿಲ್ಲದ ದೊಡ್ಡ ದೇಣಿಗೆಗಳ ಬಗ್ಗೆ ಅಮೆರಿಕದ ಸೆಂಟರ್ ಫಾರ್ ಎಫೆಕ್ಟಿವ್ ಫಿಲಾಂತ್ರಪಿ 2022ರಿಂದ ಪ್ರಕಟಿಸಿದ ಅಧ್ಯಯನಗಳಿಗೂ ಬಹುಮಟ್ಟಿಗೆ ಇದೇ ಮಾತು ಅನ್ವಯಿಸುತ್ತದೆ.

ಮೊದಲೇ ಬರೆದಿಟ್ಟ ಗುರಿಗಳಿಂದ ಅಳೆದರೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಬೆಂಗಳೂರಿನ ಗ್ರಾಮೀಣಾಭಿವೃದ್ಧಿ ಸ್ವಯಂಸೇವಾ ಸಂಸ್ಥೆ ಮೈರಾಡದ ಅನುಭವವನ್ನು ನೆನೆಯಬಹುದು. 1980ರ ದಶಕದ ನಡುವಿನಲ್ಲಿ ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು, ಸದಸ್ಯರು ತಾವಾಗಿಯೇ ಚಿಕ್ಕ ಗುಂಪುಗಳಾಗಿ ಸೇರತೊಡಗಿದರು. ಯೋಜನೆಯ ಕೋಷ್ಟಕದಲ್ಲಿ ಇದು ಸೋಲೆಂದೇ ದಾಖಲಾಗುತ್ತಿತ್ತು. 1987ರಲ್ಲಿ ನಬಾರ್ಡ್ ಈ ಗುಂಪುಗಳ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೀಡಿತು, 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮ ಆರಂಭವಾಯಿತು. ಆ ಹಣವನ್ನು ಕಟ್ಟುನಿಟ್ಟಾದ ಅರ್ಥದಲ್ಲಿ ಕೋರ್ ಗ್ರಾಂಟ್ ಎನ್ನಲಾಗದು. ಆದರೂ ಕಂಡದ್ದನ್ನು ಅನುಸರಿಸಿ ದಾರಿ ಬದಲಿಸುವ ಅವಕಾಶ ಸಂಸ್ಥೆಗೆ ಇರದಿದ್ದರೆ ಅಳೆಯುವುದಕ್ಕೇ ಏನೂ ಇರುತ್ತಿರಲಿಲ್ಲ.

ಭಾರತದಲ್ಲಿ ಕಾನೂನಿನ ಚೌಕಟ್ಟು ಈ ಅವಕಾಶವನ್ನು ಕಿರಿದಾಗಿಸುತ್ತ ಬಂದಿದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿ ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಕಂಪನಿ ಕಾಯ್ದೆಯ 135ನೇ ಕಲಮಿನಡಿ ಬರುವ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯಾಗಿ ಖರ್ಚು ಮಾಡಬೇಕಾದ ಹಣ, ಯೋಜನೆಗಳ ರೂಪದಲ್ಲೇ ಹರಿಯುತ್ತದೆ. ಅಲ್ಲಿರುವ ಶೇ. 5ರ ಆಡಳಿತ ವೆಚ್ಚದ ಮಿತಿ ಕಂಪನಿಯ ಸ್ವಂತ ವೆಚ್ಚಕ್ಕೆ ಸಂಬಂಧಿಸಿದ್ದು, ಆದರೆ ಅದನ್ನು ಸ್ವಯಂಸೇವಾ ಸಂಸ್ಥೆಯ ವೆಚ್ಚಕ್ಕೂ ಅನ್ವಯಿಸುವ ರೂಢಿ ಹಬ್ಬಿದೆ. 2021ರ ನಿಯಮಗಳು ದೊಡ್ಡ ಕಂಪನಿಗಳ ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲಿನ ಯೋಜನೆಗಳಿಗೆ ಪರಿಣಾಮದ ಮೌಲ್ಯಮಾಪನವನ್ನು ಕಡ್ಡಾಯ ಮಾಡಿದ ಮೇಲೆ ಅಳತೆಯ ಘಟಕ ಯೋಜನೆಯೇ ಎಂಬುದು ಇನ್ನಷ್ಟು ಗಟ್ಟಿಯಾಯಿತು.

ಹೀಗಾಗಿ ಇಲ್ಲಿ ಕೋರ್ ಗ್ರಾಂಟಿಗೆ ಹೆಚ್ಚು ಜಾಗ ಉಳಿದಿರುವುದು ದೇಶದೊಳಗಿನ ವೈಯಕ್ತಿಕ ಮತ್ತು ಕೌಟುಂಬಿಕ ದಾನದಲ್ಲಿ. ಬೆಂಗಳೂರಿನ ದಾನಿ ರೋಹಿಣಿ ನಿಲೇಕಣಿಯವರು ವಿಶ್ವಾಸದ ಆಧಾರದ ಮೇಲೆ ಕೊಡುವ ಪದ್ಧತಿಯನ್ನು ಬಹಿರಂಗವಾಗಿ ಸಮರ್ಥಿಸುತ್ತ ಬಂದಿದ್ದಾರೆ. 2021ರಲ್ಲಿ ಎಡೆಲ್‌ಗಿವ್ ಪ್ರತಿಷ್ಠಾನ ಹಲವು ದಾನಿಗಳನ್ನು ಕೂಡಿಸಿ ಆರಂಭಿಸಿದ ‘ಗ್ರೋ’ ನಿಧಿ 100 ಸಂಸ್ಥೆಗಳ ಒಳಗಟ್ಟಿಗೆಂದೇ ಎರಡು ವರ್ಷಗಳ ನೆರವು ಕೊಟ್ಟಿತು. ಇಂಥ ನಿಧಿಗಳನ್ನು ಅಳೆಯುವವರು ಪಡೆದವರಿಗೆ ಕೇಳುವಷ್ಟೇ ಪ್ರಶ್ನೆಗಳನ್ನು ಕೊಟ್ಟವರಿಗೂ ಕೇಳಬೇಕಾಗಿದೆ: ಕಂತು ಹೊತ್ತಿಗೆ ಸರಿಯಾಗಿ ಬಂತೇ, ಎಷ್ಟು ವರದಿಗಳನ್ನು ಬೇಡಲಾಯಿತು, ಮುಂದುವರಿಕೆಯ ತೀರ್ಮಾನ ಎಷ್ಟು ಮೊದಲೇ ತಿಳಿಯಿತು. ಫೋರ್ಡ್ ಐದು ವರ್ಷ ಕೊಟ್ಟು ಕಂಡದ್ದನ್ನು ಎರಡು ವರ್ಷದಲ್ಲಿ ಕಾಣಬಹುದೇ ಎಂಬುದನ್ನು ತಿಳಿಯಲು, ಹಣ ನಿಂತ ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ ಅವೇ ಸಂಸ್ಥೆಗಳ ಸಂಬಳದ ಪಟ್ಟಿಯನ್ನೂ ಮೀಸಲು ನಿಧಿಯನ್ನೂ ಮತ್ತೊಮ್ಮೆ ತೆರೆದು ನೋಡಬೇಕಾಗುತ್ತದೆ.