ದೂರದ ಎರಡು ನಗರಗಳ ನಡುವೆ: ವಿಮಾನದ ದೂರ ಮತ್ತು ಸಮಯದ ಲೆಕ್ಕ

ಬೀಜಿಂಗ್, ನ್ಯೂಯಾರ್ಕ್ ಎರಡೂ ಹೆಚ್ಚುಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಆ ಅಕ್ಷಾಂಶದ ಗುಂಟ ಪೆಸಿಫಿಕ್ ದಾಟಿ ಸಾಗುತ್ತದೆ. ಆ ದಾರಿಯ ಉದ್ದ ಸುಮಾರು 14,400 ಕಿ.ಮೀ. ಉತ್ತರ ಧ್ರುವದ ಹತ್ತಿರದಿಂದ ಹಾದರೆ ಬರೀ 11,000 ಕಿ.ಮೀ. ನಂಬಿಕೆ ಬಾರದಿದ್ದರೆ ಗ್ಲೋಬಿನ ಮೇಲೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ, ದಾರ ತಾನಾಗಿಯೇ ಧ್ರುವದ ಕಡೆ ಸರಿಯುತ್ತದೆ. ಗೋಳದ ಮೇಲಿನ ಈ ಅತಿ ಹತ್ತಿರದ ದಾರಿಯೇ ಮಹಾವೃತ್ತದ, ಅಂದರೆ ಗೋಳವನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ, ಕಂಸ.

ಲೆಕ್ಕಕ್ಕೆ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು. ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ ಬಂದದ್ದನ್ನು ಕೂಡಿಸಿ. ಸಿಗುವುದು ಭೂಮಿಯ ಕೇಂದ್ರದಲ್ಲಿ ಎರಡು ನಗರಗಳ ನಡುವೆ ಆಗುವ ಕೋನದ ಕೊಸೈನ್. ನಮ್ಮ ಉದಾಹರಣೆಯಲ್ಲಿ ಅಕ್ಷಾಂಶಗಳು 40.7 ಮತ್ತು 39.9, ರೇಖಾಂಶ ವ್ಯತ್ಯಾಸ 169.6 ಡಿಗ್ರಿ. ಮೊದಲ ಭಾಗ 0.418, ಎರಡನೆಯದು −0.572, ಮೊತ್ತ −0.154. ಋಣ ಚಿಹ್ನೆ ಕಂಡು ಗಾಬರಿಯಾಗಬೇಡಿ; ಕೋನ 90 ಡಿಗ್ರಿಗಿಂತ ಹೆಚ್ಚು ಎಂದಷ್ಟೇ ಅದರರ್ಥ. ಕೋನ 98.9 ಡಿಗ್ರಿ ಬರುತ್ತದೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡರೆ ಮಹಾವೃತ್ತದಲ್ಲಿ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ ಸುಮಾರು 11,000.

ದೂರ ಸಿಕ್ಕಿತು, ಇನ್ನು ವೇಗದಿಂದ ಭಾಗಿಸಿದರೆ ಸಮಯ ಬಂತಲ್ಲ ಎನ್ನಿಸುತ್ತದೆ. ನನ್ನ ಪ್ರಕಾರ ಈ ಪಾಠದ ತಿರುಳು ಇರುವುದು ಇಲ್ಲೇ. ಜೆಟ್ ವಿಮಾನದ ಗಂಟೆಗೆ 900 ಕಿ.ಮೀ. ಎಂಬುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲದ ಲೆಕ್ಕದ ವೇಗ ಬೇರೆಯಾಗುತ್ತದೆ. ಲಂಡನ್–ನ್ಯೂಯಾರ್ಕ್ ದೂರ ಸುಮಾರು 5,540 ಕಿ.ಮೀ. ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ ಎಂಬ ಎತ್ತರದ ವೇಗದ ಗಾಳಿಯ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಗಾಳಿ ಗಂಟೆಗೆ 100 ಕಿ.ಮೀ. ಎಂದುಕೊಳ್ಳೋಣ: ಲಂಡನ್ನಿಗೆ ಬರುವಾಗ 1,000ರ ವೇಗದಲ್ಲಿ 5 ಗಂಟೆ 32 ನಿಮಿಷ, ನ್ಯೂಯಾರ್ಕಿಗೆ ಹೋಗುವಾಗ 800ರಲ್ಲಿ 6 ಗಂಟೆ 55 ನಿಮಿಷ. ಹೋಗಿಬರುವ ಒಟ್ಟು ಸಮಯ ಗಾಳಿಯೇ ಇಲ್ಲದಿದ್ದಾಗಿನದಕ್ಕಿಂತ ಸುಮಾರು 9 ನಿಮಿಷ ಹೆಚ್ಚು! ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಸರಿಹೋಗುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಕಳೆಯುವ ಹೊತ್ತೇ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ಬಿರುಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು.

ವೇಳಾಪಟ್ಟಿಯಲ್ಲಿ ಕಾಣುವ ಅವಧಿ ಇದಕ್ಕಿಂತ ಉದ್ದ. ನಿಲುಗಡೆಯಿಂದ ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯುವ ಸರದಿಗೆ ಕಾಯುವುದು, ಎಲ್ಲ ಅದರಲ್ಲಿ ಸೇರಿರುತ್ತದೆ. ದಾರಿಯೂ ಯಾವಾಗಲೂ ಮಹಾವೃತ್ತವಾಗಿರುವುದಿಲ್ಲ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಹಾರಾಟ ಸುಮಾರು 13 ಗಂಟೆಗೆ ಹಿಗ್ಗಿತು. ಮೊದಲು 10 ಗಂಟೆಯೊಳಗೇ ಮುಗಿಯುತ್ತಿತ್ತು.

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಸ್ಥಳೀಯ ಸಮಯದಲ್ಲಿ. ಲಂಡನ್ ಬೆಳಿಗ್ಗೆ 11ಕ್ಕೆ ಬಿಟ್ಟು ನ್ಯೂಯಾರ್ಕ್ ಮಧ್ಯಾಹ್ನ 2ಕ್ಕೆ ಮುಟ್ಟಿದರೆ ಅದು 3 ಗಂಟೆಯ ಪಯಣವಲ್ಲ. ಚಳಿಗಾಲದಲ್ಲಿ ಲಂಡನ್ ಗಡಿಯಾರ ಯುಟಿಸಿಗೆ (ಜಗತ್ತಿನ ಎಲ್ಲ ಗಡಿಯಾರಗಳಿಗೆ ಆಧಾರವಾದ ಸಮಯಕ್ಕೆ) ಸಮ, ನ್ಯೂಯಾರ್ಕಿನದು 5 ಗಂಟೆ ಹಿಂದೆ. ಎರಡನ್ನೂ ಮೊದಲು ಯುಟಿಸಿಗೆ ತನ್ನಿ: ಹೊರಟದ್ದು 11:00, ಇಳಿದದ್ದು 19:00. ಅವಧಿ 8 ಗಂಟೆ.