ಹದಿನಾರೋ, ಹದಿನೆಂಟೋ? ಬಾಲಾಪರಾಧಿ ಕಾನೂನು ಬದಲಾದ ಬಗೆ

2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣದಲ್ಲಿ ಆರು ಆರೋಪಿಗಳಿದ್ದರು. ಒಬ್ಬ ಜೈಲಿನಲ್ಲೇ ಸತ್ತ. ನಾಲ್ವರನ್ನು 2020ರಲ್ಲಿ ಗಲ್ಲಿಗೇರಿಸಲಾಯಿತು. ಆರನೆಯವನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಅವನಿಗೆ ಸಿಕ್ಕಿದ್ದು ಮೂರು ವರ್ಷ. ಅದೂ ಜೈಲಲ್ಲ, ತಪ್ಪು ಮಾಡಿದ ಮಕ್ಕಳನ್ನು ಇಡುವ ವಿಶೇಷ ಗೃಹ. ‘ಇಷ್ಟೇನಾ?’ ಅಂತ ಜನ ಬೀದಿಗಿಳಿದರು. ಆದರೆ ಆಗಿನ ಕಾನೂನಿನಲ್ಲಿ ಅದೇ ಗರಿಷ್ಠ.

ಮಕ್ಕಳಿಗೆ ಬೇರೆ ಲೆಕ್ಕ ಅನ್ನೋದು ಹಳೆಯ ಸಂಗತಿ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ ಎಂದು 1860ರ ದಂಡ ಸಂಹಿತೆಯೇ ಹೇಳಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಇದೆ. ಮದ್ರಾಸಿನಲ್ಲಿ 1920ರಲ್ಲಿ, ಮೈಸೂರಿನಲ್ಲಿ 1943ರಲ್ಲಿ ಮಕ್ಕಳ ಕಾಯ್ದೆಗಳು ಬಂದವು. ಜಮ್ಮು-ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1986ರಲ್ಲಿ. ಅದರಲ್ಲಿ ಮಕ್ಕಳೆಂದು ಎಣಿಸುವ ವಯಸ್ಸಿನ ಮಿತಿ ಹುಡುಗರಿಗೆ 16, ಹುಡುಗಿಯರಿಗೆ 18. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತ್ತು. ಅದಕ್ಕೆ ತಕ್ಕಂತೆ 2000ದ ಕಾಯ್ದೆ ಎಲ್ಲರಿಗೂ 18 ಮಾಡಿತು.

ಸರಿ, ವಯಸ್ಸು ಎಣಿಸೋದು ಯಾವ ದಿನಕ್ಕೆ? ಕೋರ್ಟಿಗೆ ಹಾಜರುಪಡಿಸಿದ ದಿನಕ್ಕೆ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಅಂದರೆ ಪೊಲೀಸರು ತಡ ಮಾಡಿದರೆ ಹುಡುಗ ದೊಡ್ಡವನಾಗಿಬಿಡುತ್ತಿದ್ದ! ಐವರು ನ್ಯಾಯಮೂರ್ತಿಗಳ ಪೀಠ 2005ರಲ್ಲಿ ಅದನ್ನು ತಿದ್ದಿ, ಕೃತ್ಯ ನಡೆದ ದಿನವೇ ಲೆಕ್ಕ ಎಂದಿತು. ಪುರಾವೆಗೆ ಮೊದಲು ನೋಡೋದು ಶಾಲೆಯ ದಾಖಲೆ. ಮೇಷ್ಟ್ರು ಸುಮ್ನೆ ಜೂನ್ 1 ಅಂತ ಬರೆದುಕೊಂಡ ಜನ್ಮದಿನ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ, ಅಲ್ವಾ? ಶಾಲೆಯ ದಾಖಲೆಯೂ ಜನನ ಪತ್ರವೂ ಇಲ್ಲದಿದ್ದರೆ ಕೊನೆಗೆ ಮೂಳೆ ಪರೀಕ್ಷೆ. ಅದೂ ಅಂದಾಜೇ.

ದೆಹಲಿ ಪ್ರಕರಣದ ನಂತರ ವಯಸ್ಸು ಇಳಿಸುವ ಕೂಗು ಜೋರಾಯಿತು. ಕಾನೂನು ಬದಲಾವಣೆ ಸೂಚಿಸಲು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿ ಬೇಡ ಎಂದಿತು. ಆದರೂ 2015ರಲ್ಲಿ ಸಂಸತ್ತು ನಡುದಾರಿ ಹಿಡಿಯಿತು. ಎಲ್ಲರಿಗೂ 18 ಉಳಿಯಿತು, ಆದರೆ 16 ದಾಟಿದವರು ಘೋರ ಅಪರಾಧ ಮಾಡಿದ್ದರೆ ದೊಡ್ಡವರಂತೆ ವಿಚಾರಣೆ ನಡೆಸಬಹುದು. ಆಗಲೂ ಗಲ್ಲು ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. ಉಳಿದಂತೆ ಲಾಕಪ್ ಇಲ್ಲ, ಹೆಸರು ಫೋಟೋ ಹಾಕುವಂತಿಲ್ಲ, ಜಾಮೀನು ಬಹುಮಟ್ಟಿಗೆ ಸಿಗುತ್ತದೆ.

ತೊಡಕಿರೋದು ಇಲ್ಲೇ. ಯಾರನ್ನು ದೊಡ್ಡವರ ಸಾಲಿಗೆ ಸೇರಿಸಬೇಕೆಂದು ಬಾಲನ್ಯಾಯ ಮಂಡಳಿ ಮೂರು ತಿಂಗಳೊಳಗೆ ಅಳೆಯಬೇಕು. ಮಂಡಳಿಯಲ್ಲಿರೋದು ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ತಪ್ಪು ಮಾಡಿದ ಹೊತ್ತಿನಲ್ಲಿ ಹುಡುಗನಿಗೆ ಪರಿಣಾಮ ಗೊತ್ತಿತ್ತೇ ಎಂದು ಆಮೇಲೆ ಕೂತು ಹೇಳೋದು ಹೇಗೆ? ಮಂಡಳಿಯಲ್ಲಿ ಮನಃಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರನ್ನು ಕರೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ತಜ್ಞರಿದ್ದರೂ ಇದು ಊಹೆಗಿಂತ ಜಾಸ್ತಿ ಆಗೋದು ಕಷ್ಟ ಅಂತ ನನಗನ್ನಿಸುತ್ತದೆ.

‘ಘೋರ’ಕ್ಕೂ ಅಳತೆ ಇದೆ. ಆ ಅಪರಾಧಕ್ಕೆ ಕಾನೂನು ಗೊತ್ತುಮಾಡಿದ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರಬೇಕು. 2016ರಲ್ಲಿ ದೆಹಲಿಯಲ್ಲಿ 18ರ ಹೊಸ್ತಿಲಲ್ಲಿದ್ದ ಹುಡುಗನೊಬ್ಬ ಓಡಿಸಿದ ಕಾರಿಗೆ ಸಿಕ್ಕಿ ವ್ಯಕ್ತಿಯೊಬ್ಬರು ಸತ್ತರು. ಕೊಲೆಯಲ್ಲದ ನರಹತ್ಯೆಗೆ ಆಗಿನ ದಂಡ ಸಂಹಿತೆ ಕನಿಷ್ಠ ಶಿಕ್ಷೆಯನ್ನೇ ಗೊತ್ತುಮಾಡಿರಲಿಲ್ಲ, ಹಾಗಾಗಿ ಅವನನ್ನು ದೊಡ್ಡವನಂತೆ ವಿಚಾರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿತು. 2021ರ ತಿದ್ದುಪಡಿಯಲ್ಲಿ ಸಂಸತ್ತೂ ಅದನ್ನೇ ಒಪ್ಪಿತು.