ಕಳ್ಳಾಟವಿಲ್ಲದೆ ಗೆಲ್ಲುವ ಕಂಪ್ಯೂಟರ್

ಆಹಾರ, ಮರ, ಚಿನ್ನ ಕೂಡಿಸಿ, ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ 2. ಅದನ್ನು ಆಡಿದವರಿಗೆ ಇದು ಗೊತ್ತು. ಮೊದಮೊದಲು ಕಂಪ್ಯೂಟರ್ ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತದೆ. ಕೆಲವು ತಿಂಗಳು ಆಡುವಷ್ಟರಲ್ಲಿ ಅದರ ಪಟ್ಟುಗಳೆಲ್ಲ ತಿಳಿದುಹೋಗುತ್ತವೆ. ಆಮೇಲೆ ಗೆಲ್ಲುವುದು ನೀರು ಕುಡಿದಷ್ಟು ಸುಲಭ. ಸರಿ, ಮಟ್ಟವನ್ನು ಅತಿ ಕಠಿಣಕ್ಕೆ ಏರಿಸಿದರೆ? ಹಳೆಯ ಆವೃತ್ತಿಯಲ್ಲಿ ಆ ಮಟ್ಟದಲ್ಲಿ ಕಂಪ್ಯೂಟರ್‌ಗೆ ದುಡಿಯದೇ ಬಂದ ಹೆಚ್ಚುವರಿ ಸಾಮಗ್ರಿ ಸಿಗುತ್ತಿತ್ತು. ಆಹಾರ, ಮರ, ಚಿನ್ನ ಎಲ್ಲವೂ ಬಿಟ್ಟಿ.

ಇದನ್ನು ನಮ್ಮೂರಲ್ಲಿ ಕಳ್ಳಾಟ ಅಂತಾರೆ. ಚೌಕಾಬಾರದಲ್ಲಿ ಯಾರಾದರೂ ಸುಮ್ನೆ ಎರಡು ಮನೆ ಮುಂದೆ ಕಾಯಿ ಇಟ್ಟರೆ ಬಿಡ್ತೀವಾ? ಕಂಪ್ಯೂಟರ್ ಕಷ್ಟ ಕೊಡಬೇಕು, ನಿಜ. ಆದರೆ ನನ್ನ ಹತ್ತಿರ ಇರುವಷ್ಟೇ ಸಾಮಾನು ಇಟ್ಟುಕೊಂಡು ಕಷ್ಟ ಕೊಡಬೇಕು. ಹಾಸ್ಟೆಲ್ ದಿನಗಳಿಂದಲೂ ನನ್ನ ತಲೆ ಕೊರೆದ ವಿಷಯ ಇದು.

ಆಟವನ್ನು 1999ರಲ್ಲಿ ಮಾಡಿದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಎನ್ಸೆಂಬಲ್ ಸ್ಟುಡಿಯೋಸ್. ಅವರು ಒಂದು ದೊಡ್ಡ ಉಪಕಾರ ಮಾಡಿದರು. ಕಂಪ್ಯೂಟರ್ ಎದುರಾಳಿಯ ಬುದ್ಧಿಯನ್ನು ಆಟದೊಳಗೆ ಬೀಗ ಹಾಕಿ ಇಡಲಿಲ್ಲ. ಅದೊಂದು ಮಾಮೂಲಿ ಅಕ್ಷರದ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದು ಯಾರು ಬೇಕಾದರೂ ತಿದ್ದಬಹುದು, ಹೊಸದನ್ನೇ ಬರೆಯಬಹುದು. ಹೇಗೆ ಬರೆಯಬೇಕು ಅಂತ ಹೇಳಿಕೊಡುವ ಕೈಪಿಡಿಯೂ ಇತ್ತು.

ಆ ಫೈಲ್ ತುಂಬಾ ನಿಯಮಗಳು. ಒಂದೊಂದು ನಿಯಮಕ್ಕೂ ಎರಡು ಭಾಗ: ಮೇಲೆ ಷರತ್ತು, ಕೆಳಗೆ ಕೆಲಸ, ನಡುವೆ ಒಂದು ಬಾಣದ ಗುರುತು. ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ (ವಿಲೇಜರ್ ಅಂದರೆ ಮರ ಕಡಿದು, ಆಹಾರ ತಂದು ದುಡಿಯುವ ಆಳು): "ಈಗ ವಿಲೇಜರ್ ತಯಾರಿಸಲು ಆಗುತ್ತಾ? ಒಟ್ಟು ವಿಲೇಜರ್‌ಗಳು 100ಕ್ಕಿಂತ ಕಡಿಮೆ ಇದ್ದಾರಾ? ಹಾಗಾದರೆ ಒಬ್ಬನನ್ನು ತಯಾರಿಸು." ಅಷ್ಟೇ. ಕಂಪ್ಯೂಟರ್ ಈ ನಿಯಮಗಳನ್ನು ಮೇಲಿಂದ ಕೆಳಗೆ ಓದುತ್ತದೆ. ಷರತ್ತು ಹೊಂದಿದ ಕಡೆ ಕೆಲಸ ಮಾಡುತ್ತದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದುತ್ತದೆ. ಆಟ ಮುಗಿಯುವ ತನಕ ಇದೇ ಕೆಲಸ.

ಈ ಪದ್ಧತಿ ಆಟಕ್ಕಾಗಿ ಹುಟ್ಟಿದ್ದಲ್ಲ. ಪರಿಣತರ ತಿಳಿವಳಿಕೆಯನ್ನು "ಹೀಗಿದ್ದರೆ ಹೀಗೆ ಮಾಡು" ಎಂಬ ಸಾಲುಗಳಾಗಿ ಕಂಪ್ಯೂಟರ್‌ಗೆ ತುಂಬುವ ಇಂಥ ವ್ಯವಸ್ಥೆಗೆ ಎಕ್ಸ್‌ಪರ್ಟ್ ಸಿಸ್ಟಮ್ ಅಂತ ಹೆಸರು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಕ್ತದ ಸೋಂಕು ಗುರುತಿಸಲು ಮಾಡಿದ ಮೈಸಿನ್ ಎಂಬ ಪ್ರೋಗ್ರಾಂ ಈ ಜಾತಿಯದೇ. 1985ರ ಸುಮಾರಿಗೆ ನಾಸಾದವರು ಇಂಥ ನಿಯಮಗಳನ್ನು ಬರೆಯಲು ಕ್ಲಿಪ್ಸ್ ಎಂಬ ಸಾಧನ ಮಾಡಿದರು. ಅದರ ನಿಯಮವನ್ನೂ ಈ ಆಟದ ನಿಯಮವನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆ ಬಾಣದ ಗುರುತು ಕೂಡ ಒಂದೇ.

ಈಗ ಒಂದು ಲೆಕ್ಕ ನೋಡೋಣ. ಒಬ್ಬ ವಿಲೇಜರ್ ತಯಾರಾಗಲು ಆಟದ ಗಡಿಯಾರದಲ್ಲಿ 25 ಸೆಕೆಂಡ್ ಬೇಕು. ಬೆಲೆ 50 ಆಹಾರ. ಅವರನ್ನು ತಯಾರಿಸುವ ಕಟ್ಟಡವಾದ ಟೌನ್ ಸೆಂಟರ್ ಒಂದು ಕ್ಷಣವೂ ಖಾಲಿ ಕೂರದಿದ್ದರೆ 10 ನಿಮಿಷಕ್ಕೆ 24 ಜನ. ಒಬ್ಬೊಬ್ಬರ ನಡುವೆ ಬರೀ 5 ಸೆಕೆಂಡ್ ತಡವಾದರೆ 20 ಜನ. ನಾಲ್ಕು ಜೊತೆ ಕೈ ಕಡಿಮೆ. ಆ ಕೈಗಳು ಕಡಿಯಬೇಕಿದ್ದ ಮರ, ತರಬೇಕಿದ್ದ ಆಹಾರ ಎಲ್ಲವೂ ನಷ್ಟ. ಚೆನ್ನಾಗಿ ಆಡುವವನಿಗೂ ಸಾಧಾರಣ ಆಟಗಾರನಿಗೂ ಇರುವ ವ್ಯತ್ಯಾಸ ಬಹುಪಾಲು ಇಂಥ ಐದೈದು ಸೆಕೆಂಡ್‌ಗಳಲ್ಲೇ ಇದೆ. ಬಿಟ್ಟಿ ಚಿನ್ನ ಕೊಡುವ ಬದಲು ಈ ಸೋರಿಕೆ ನಿಲ್ಲಿಸಿದರೆ ಸಾಕು, ಕಂಪ್ಯೂಟರ್ ತಾನಾಗಿಯೇ ಗಟ್ಟಿಯಾಗುತ್ತದೆ.

ನಾನೂ ಅಂಥದೊಂದು ಫೈಲ್ ಬರೆಯಲು ಕೂತೆ. ಸೋರಿಕೆ ಎಲ್ಲೆಲ್ಲಿ? ಮೊದಲನೆಯದು ಮನೆ. ಒಂದು ಮನೆ ಕಟ್ಟಿದರೆ ಐದು ಜನಕ್ಕೆ ಜಾಗ. "ಜಾಗ ಮುಗಿದಾಗ ಮನೆ ಕಟ್ಟು" ಅಂತ ನಾನು ಬರೆದಿದ್ದೆ. ಓದಲು ಸರಿಯಾಗೇ ಇದೆ ಅಲ್ವಾ? ಆದರೆ ಮನೆ ಏಳುವ ತನಕ ಟೌನ್ ಸೆಂಟರ್ ಕೈಕಟ್ಟಿ ಕೂತಿರುತ್ತದೆ. "ಐದಕ್ಕಿಂತ ಕಡಿಮೆ ಜಾಗ ಉಳಿದಾಗ ಕಟ್ಟು" ಅಂತ ತಿದ್ದಿದೆ. ಒಂದೇ ಅಂಕಿ ಬದಲಾಯಿತು, ಆಟದ ಓಟವೇ ಬದಲಾಯಿತು.

ಎರಡನೆಯದು ನನ್ನನ್ನು ವಾರಗಟ್ಟಲೆ ಕಾಡಿತು. ಆಟದ ಮೊದಲ ಯುಗವಾದ ಡಾರ್ಕ್ ಏಜ್‌ನಿಂದ ಎರಡನೆಯದಾದ ಫ್ಯೂಡಲ್ ಏಜ್‌ಗೆ ಏರಲು 500 ಆಹಾರ ಬೇಕು. ನನ್ನ ಫೈಲ್‌ನಲ್ಲಿ ಆ ನಿಯಮವೂ ಇತ್ತು. ಆದರೆ ಕಂಪ್ಯೂಟರ್ ಏರುತ್ತಲೇ ಇರಲಿಲ್ಲ. ಕಾರಣ ಆಮೇಲೆ ಹೊಳೆಯಿತು. 50 ಆಹಾರ ಸೇರಿದ ಕೂಡಲೇ ವಿಲೇಜರ್ ನಿಯಮ ಬಂದು ಬಾಚಿಕೊಂಡು ಹೋಗುತ್ತಿತ್ತು. 500 ಕೂಡುವುದಾದರೂ ಹೇಗೆ? ಇದಕ್ಕೆ ಆಟದಲ್ಲಿ ಎಸ್ಕ್ರೋ ಎಂಬ ಏರ್ಪಾಡಿದೆ. ಬರುವ ಆಹಾರದಲ್ಲಿ ನೂರಕ್ಕೆ ಇಷ್ಟು ಪಾಲು ಪಕ್ಕಕ್ಕಿಡು, ಬೇರೆ ಯಾವ ನಿಯಮವೂ ಅದನ್ನು ಮುಟ್ಟಬಾರದು ಅಂತ ಹೇಳಬಹುದು. ನಮ್ಮಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಎತ್ತಿಡುತ್ತಿದ್ದರಲ್ಲ, ಅದೇ. ಕಂಪ್ಯೂಟರ್‌ಗೂ ಒಂದು ಸಾಸಿವೆ ಡಬ್ಬಿ ಕೊಟ್ಟೆ. ಅದು ಸಲೀಸಾಗಿ ಮುಂದಿನ ಯುಗಕ್ಕೆ ಏರಿತು.

ಇನ್ನು ದಾಳಿ. "ಹತ್ತು ಸೈನಿಕರು ಇದ್ದರೆ ನುಗ್ಗು" ಅಂತ ಬರೆದೆ. ಹತ್ತು ಜನ ಬಂದರು. ಅವರ ಹಿಂದೆ ಒಬ್ಬ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ನಿಯಮವನ್ನು ಮತ್ತೆ ಮತ್ತೆ ಓದುವುದರಿಂದ ಆಗತಾನೇ ತಯಾರಾದ ಸೈನಿಕನಿಗೂ ನುಗ್ಗು ಅಂತಲೇ ಆಜ್ಞೆ. ಒಬ್ಬೊಬ್ಬರೇ ಬಂದು ನನ್ನ ಬಿಲ್ಲುಗಾರರಿಗೆ ಬಲಿಯಾಗುತ್ತಿದ್ದರು. ಒಂದು ಟೈಮರ್ ಸೇರಿಸಿದೆ. ಒಮ್ಮೆ ನುಗ್ಗಿದ ಮೇಲೆ ಇಂತಿಷ್ಟು ಹೊತ್ತು ಕಾಯಬೇಕು, ಗುಂಪು ಕೂಡಬೇಕು, ಆಮೇಲೇ ಮುಂದಿನ ದಾಳಿ. ಇಲ್ಲಿಂದಾಚೆಗೆ ನಿಜಕ್ಕೂ ಭಯವಾಗಲು ಶುರುವಾಯಿತು.

ಸಿವಿಲೈಸೇಷನ್ 4 ಎಂಬ ಇನ್ನೊಂದು ಆಟದ ಮುಖ್ಯ ವಿನ್ಯಾಸಕಾರ ಸೋರೆನ್ ಜಾನ್ಸನ್ 2008ರಲ್ಲಿ ಒಂದು ಉಪನ್ಯಾಸ ಕೊಟ್ಟರು. ಗೆಲ್ಲಲೆಂದೇ ಆಡುವ ಎದುರಾಳಿ ಬೇರೆ, ಆಡುವವರಿಗೆ ಖುಷಿ ಕೊಡಬೇಕಾದ ಎದುರಾಳಿ ಬೇರೆ ಎಂಬುದು ಅದರ ತಿರುಳು. ಅವರ ಆಟದ ಮೇಲಿನ ಮಟ್ಟಗಳಲ್ಲಿ ಕಂಪ್ಯೂಟರ್‌ಗೆ ರಿಯಾಯಿತಿಗಳಿವೆ. ಅಷ್ಟು ದೊಡ್ಡ ಆಟದಲ್ಲಿ ಅದು ಬೇಕಾಗುತ್ತದೆ ಅಂತ ನಾನೂ ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಇನ್ನೊಂದು ದಾರಿಯ ಕಡೆಗೇ ವಾಲುತ್ತದೆ. ಏಜ್ ಆಫ್ ಎಂಪೈರ್ಸ್ 2ರ ನವೀಕರಿಸಿದ ಆವೃತ್ತಿ 2019ರ ನವೆಂಬರ್‌ನಲ್ಲಿ ಬಂತು. ಅದರ ಹೊಸ ಎದುರಾಳಿ ಅತಿ ಕಠಿಣ ಮಟ್ಟದಲ್ಲೂ ಬಿಟ್ಟಿ ಸಾಮಗ್ರಿ ಪಡೆಯುವುದಿಲ್ಲ. ಬರೀ ಒಳ್ಳೆಯ ನಿಯಮಗಳಿಂದಲೇ ಎಷ್ಟೋ ಜನರನ್ನು ಸೋಲಿಸುತ್ತದೆ.

ಸಾಮಗ್ರಿ ಸಮ ಇದ್ದ ಮಾತ್ರಕ್ಕೆ ಪೂರ್ತಿ ನ್ಯಾಯ ಆಯಿತಾ? ಇದು ಸೂಕ್ಷ್ಮ ಪ್ರಶ್ನೆ. ಮನುಷ್ಯನಿಗೆ ಒಂದು ಮೌಸ್, ಒಂದು ಪರದೆ. ಕಂಪ್ಯೂಟರ್‌ಗೆ ಆ ಕಟ್ಟು ಇಲ್ಲ, ಏಕಕಾಲಕ್ಕೆ ಹತ್ತು ಕಡೆ ಗಮನ ಕೊಡಬಲ್ಲದು. ಡೀಪ್‌ಮೈಂಡ್ ಕಂಪನಿಯ ತಾನಾಗಿ ಕಲಿಯುವ ಪ್ರೋಗ್ರಾಂ ಆಲ್ಫಾಸ್ಟಾರ್ 2019ರ ಜನವರಿಯಲ್ಲಿ ಸ್ಟಾರ್‌ಕ್ರಾಫ್ಟ್ 2 ಎಂಬ ಇಂಥದೇ ಆಟದ ವೃತ್ತಿಪರ ಆಟಗಾರರನ್ನು ಸೋಲಿಸಿದಾಗ ಇದೇ ತಕರಾರು ಎದ್ದಿತ್ತು. ಅದು ಗೆದ್ದದ್ದು ಬುದ್ಧಿಯಿಂದಲೋ ಕೈಯ ವೇಗದಿಂದಲೋ ಅಂತ ಜನ ಕೇಳಿದರು. ಮುಂದೆ ಅದಕ್ಕೆ ಮನುಷ್ಯರಂತೆ ಒಂದು ಸಲಕ್ಕೆ ಪರದೆಯಷ್ಟೇ ಕಾಣುವ ಕ್ಯಾಮೆರಾದ ಕಟ್ಟು ಹಾಕಿದರು, ನಿಮಿಷಕ್ಕೆ ಎಷ್ಟು ಕ್ರಿಯೆ ಎಂಬ ಮಿತಿಯನ್ನು ಬಿಗಿ ಮಾಡಿದರು. ಆಗಲೂ ಅದು ಆ ಆಟದ ಅತಿ ಮೇಲಿನ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟಿತು. ಈ ಫಲಿತಾಂಶ ನನಗೆ ಮೊದಲನೆಯದಕ್ಕಿಂತ ಜಾಸ್ತಿ ಇಷ್ಟ.

ನನ್ನ ಫೈಲ್‌ಗೆ ಅಷ್ಟು ಬುದ್ಧಿ ಇಲ್ಲ, ಅದು ಏನನ್ನೂ ತಾನಾಗಿ ಕಲಿಯುವುದಿಲ್ಲ. ಆದರೆ ಅದು ಯಾಕೆ ಹಾಗೆ ಆಡಿತು ಅಂತ ಸಾಲು ಸಾಲಾಗಿ ತೋರಿಸಬಲ್ಲೆ. ಕಳೆದ ತಿಂಗಳು ಒಂದು ರಾತ್ರಿ ಅದರ ಸ್ಕೌಟ್ ಕುದುರೆಗಳು ನನ್ನ ಮರ ಕಡಿಯುವವರ ಮೇಲೆ ಬಿದ್ದವು. ನಾನು ಆ ಕಡೆ ತಿರುಗಿದೆ. ಅಷ್ಟರಲ್ಲಿ ಉಳಿದ ಸೈನ್ಯ ನನ್ನ ಚಿನ್ನದ ಗಣಿಗೆ ಬಂದಿತ್ತು. ಆ ಎರಡೂ ನಿಯಮಗಳನ್ನು ನಾನೇ ಬರೆದಿದ್ದೆ, ಬೇರೆ ಬೇರೆ ದಿನ. ಅವೆರಡೂ ಸೇರಿ ಹೀಗೆ ಆಡುತ್ತವೆ ಅಂತ ನಾನು ಅಂದುಕೊಂಡಿರಲೇ ಇಲ್ಲ. ಸೋತೆ. ತುಂಬಾ ಖುಷಿಯಾಯಿತು.

ದ್ವೀಪಗಳ ನಕ್ಷೆಯಲ್ಲಿ ಮಾತ್ರ ಅದರ ಸೈನ್ಯ ಇನ್ನೂ ದಡದಲ್ಲೇ ನಿಂತಿದೆ. ಬಂದರು ಕಟ್ಟಬೇಕು, ಸೈನಿಕರನ್ನು ಹಡಗಿಗೆ ಹತ್ತಿಸಬೇಕು, ಆಚೆ ದಡದಲ್ಲಿ ಇಳಿಸಬೇಕು. ಬಂದರಿನ ನಿಯಮ ನಿನ್ನೆ ಬರೆದು ಮುಗಿಸಿದೆ.